ನಾನು ಬೈದದ್ದು, ಅವರು ಕೇಳಿದ್ದು

ಕಳೆದ ತಿಂಗಳು ವರ್ತಕ ನಗರದ ನಮ್ಮ ಮನೆಗೆ ಒಬ್ಬ ತರುಣ ಬಂದಿದ್ದ. ನವಿ ಮುಂಬಯಿಯ ಒಂದು ಕಾಲೇಜಿನ ಹೆಣ್ಣುಮಕ್ಕಳ ವಾಲಿಬಾಲ್ ತಂಡಕ್ಕೆ ಕೋಚ್ ಆಗಿ ಆಗಷ್ಟೇ ನೇಮಕವಾದವನು. ಯಾರೋ ಹಳೆಯ ಸಹೋದ್ಯೋಗಿ "ಪೂಜಾರಿ ಸರ್ ಹತ್ತಿರ ಹೋಗು, ಅನುಭವಸ್ಥರು" ಎಂದು ಕಳಿಸಿದ್ದರಂತೆ. ಚಹಾದ ಲೋಟ ಕೆಳಗಿಡುವ ಮೊದಲೇ "ಸರ್, ನಿಮ್ಮ ಕೋಚಿಂಗ್ ಫಿಲಾಸಫಿ ಏನು?" ಎಂದು ಕೇಳಿದ.

ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದ ನನ್ನ ಹೆಂಡತಿ ಸುಮತಿ ಅಲ್ಲಿಂದಲೇ ನಕ್ಕಳು. "ಅದನ್ನು ಎದುರಿನ ಬಿಲ್ಡಿಂಗಿನವರ ಹತ್ರ ಕೇಳಿ. ಇವರು ಟಿ.ವಿ.ಯಲ್ಲಿ ಮ್ಯಾಚ್ ನೋಡುವಾಗ ಅವರಿಗೆ ಎಲ್ಲ ಕೇಳಿಸ್ತದೆ" ಅಂದಳು.

ನಾನು ಗಂಟಲು ಸರಿಮಾಡಿಕೊಂಡು ಶಿಸ್ತು, ಅಭ್ಯಾಸ, ಒಗ್ಗಟ್ಟು ಎಂದು ಏನೇನೋ ಹೇಳಿ ಅವನನ್ನು ಸಾಗಹಾಕಿದೆ. ಪಾಪ, ಅವನು ಅದನ್ನೆಲ್ಲ ಫೋನಿನಲ್ಲಿ ಬರೆದುಕೊಂಡ. ಅವನು ಲಿಫ್ಟ್ ಹತ್ತಿದ ಮೇಲೆ ನನಗೆ ನಾಚಿಕೆಯಾಯಿತು. ಇಡೀ ಆಯುಷ್ಯ ಮಾಡಿದ ಕೆಲಸದ ಬಗ್ಗೆ ಯಾವುದಾದರೂ ಗೋಡೆ ಕ್ಯಾಲೆಂಡರಿನಲ್ಲಿ ಸಿಗುವಂಥ ಮಾತು ಹೇಳಿ ಕಳಿಸಿಬಿಟ್ಟಿದ್ದೆ. ಅವನಿಗೆ ನಿಜವಾಗಿ ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ಯೋಗ್ಯತೆಯ ವಿಷಯ. ಮೂಲ್ಕಿಯ ಹತ್ತಿರದ ನಮ್ಮೂರಿನ ತಂಡದಲ್ಲಿ ನಾನು ಏಳನೆಯವನಾಗಿದ್ದೆ. ವಾಲಿಬಾಲಿನಲ್ಲಿ ಅಂಕಣದೊಳಗೆ ಆಡುವವರು ಆರು ಮಂದಿ. ಏಳನೆಯವನ ಕೆಲಸ ಹೊರಗೆ ಕೂತು, ಆರರಲ್ಲಿ ಯಾರಿಗಾದರೂ ಕಾಲು ಉಳುಕೀತೇ ಎಂದು ಕಾಯುವುದು. ನಮ್ಮೂರಿನವರ ಕಾಲು ಬಹಳ ಗಟ್ಟಿ. ಹಾಗಾಗಿ ಪಂದ್ಯಾಟಗಳಲ್ಲಿ ನನ್ನ ಉಪಯೋಗ ಆಗುತ್ತಿದ್ದದ್ದು ಮೈಕ್ ಕೈಕೊಟ್ಟಾಗ ಮಾತ್ರ. ಆಗ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸ್ಕೋರ್ ಕೂಗಿಸುತ್ತಿದ್ದರು. ನನ್ನ ಗಂಟಲು ಮೈಕಿಗಿಂತ ದೂರ ಹೋಗುತ್ತದೆ ಎಂದು ಹೆಸರಿತ್ತು. ಮುಂದೆ ನನ್ನನ್ನು ಹಾಳು ಮಾಡಿದ್ದೂ ಆ ಗಂಟಲೇ.

ಕಲ್ಯಾಣದಲ್ಲಿ ಸೋದರಮಾವನ ಹೋಟೆಲ್ ಇತ್ತು. ಅಲ್ಲಿಗೆ ಬಂದು ಸೇರಿಕೊಂಡೆ. ನಾನು ಗಲ್ಲಾದಲ್ಲಿ ಕೂತ ದಿನವೆಲ್ಲ ಲೆಕ್ಕ ತಪ್ಪುವುದನ್ನು ನೋಡಿ ಮಾವನೇ, "ನೀನು ಓದಿಕೋ ಮಾರಾಯ, ಹೋಟೆಲಾದರೂ ಉಳಿಯಲಿ" ಎಂದು ಕಾಲೇಜಿಗೆ ಕಳಿಸಿದ. ದೈಹಿಕ ಶಿಕ್ಷಣದ ಪದವಿ ಮುಗಿಸಿ ಡೊಂಬಿವಲಿಯ ಒಂದು ಕಾಲೇಜಿಗೆ ಅರ್ಜಿ ಹಾಕಿದೆ. ಹುಡುಗಿಯರ ವಾಲಿಬಾಲ್ ತಂಡದ ಕೋಚಿನ ಕೆಲಸ ಸಿಕ್ಕಿತು. ಯಾಕೆ ಸಿಕ್ಕಿತೆಂದು ಮೊದಲ ವಾರದಲ್ಲೇ ತಿಳಿಯಿತು.

ನಮ್ಮ ಪ್ರಿನ್ಸಿಪಾಲ್ ಸಾವಂತ್ ಸರ್ ದೈವಭಕ್ತರು. ಮೈದಾನದಲ್ಲಿ ಹೊಸ ನೆಟ್ ಕಟ್ಟಿಸಿ ನನ್ನನ್ನು ಕರೆದು, ಕೈಗೆ ತೆಂಗಿನಕಾಯಿ ಕೊಟ್ಟು, "ಪೂಜಾರೀಜಿ, ಆಪಣಚ್ ನಾರಳ ಫೋಡಾ" ಅಂದರು. ಕಾಯಿ ನೀವೇ ಒಡೆಯಿರಿ ಎಂದು. ನಮ್ಮ ಕಡೆ ಪೂಜಾರಿ ಎಂಬುದು ಬರೀ ಮನೆತನದ ಹೆಸರು, ನನಗೂ ಮಂತ್ರಕ್ಕೂ ದೂರದ ಸಂಬಂಧವೂ ಇಲ್ಲ ಎಂದು ಹೇಳಬೇಕಾಗಿತ್ತು. ಸೇರಿದ ವಾರದಲ್ಲೇ ಪ್ರಿನ್ಸಿಪಾಲರ ಮಾತು ತೆಗೆದುಹಾಕುವ ಧೈರ್ಯ ಬರಲಿಲ್ಲ. ತುಟಿ ಅಲ್ಲಾಡಿಸುತ್ತ ಕಾಯಿಯನ್ನು ನೆಟ್ಟಿನ ಕಂಬಕ್ಕೆ ಬೀಸಿದೆ. ಅದು ಒಡೆಯದೆ ಪುಟಿದು ಕಾಂಪೌಂಡು ಹಾರಿ ಪಕ್ಕದ ಸೊಸೈಟಿಯ ಒಬ್ಬರ ಸ್ಕೂಟರಿನ ಸೀಟಿನ ಮೇಲೆ ಹೋಗಿ ಬಿತ್ತು. ಸಾವಂತ್ ಸರ್ ಕಾಂಪೌಂಡಿನಾಚೆ ಇಣುಕಿ, "ಸರ್ವಿಸ್ ಚಾಂಗ್ಲೀ ಆಹೇ" ಅಂದರು. ಸರ್ವ್ ಚೆನ್ನಾಗಿದೆ ಎಂದು. ನಿವೃತ್ತರಾಗುವ ತನಕ ಅವರು ನನ್ನನ್ನು ಪುರೋಹಿತನೆಂದೇ ನಂಬಿದ್ದರು. ಪ್ರತಿ ವರ್ಷ ಕಾಲೇಜಿನ ಸತ್ಯನಾರಾಯಣ ಪೂಜೆಯ ಹೊತ್ತಿಗೆ ನನಗೆ ಜ್ವರ ಬರುತ್ತಿತ್ತು.

ಕೆಲಸದಲ್ಲಿ ನಾನು ಕಲಿತದ್ದೆಲ್ಲ ಮರ್ಯಾದೆ ಕಳೆದುಕೊಂಡೇ. ನಾನು ಸೇರಿದಾಗ ಸರ್ವ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಆಮೇಲೆ ನಿಯಮ ಬದಲಾಗಿ, ಸರ್ವ್ ಯಾರದೇ ಇರಲಿ, ಚೆಂಡು ಗೆದ್ದವರಿಗೆ ಪಾಯಿಂಟ್ ಎಂದಾಯಿತು. ಸುತ್ತೋಲೆ ನನ್ನ ಮೇಜಿನ ಮೇಲೆಯೇ ಇತ್ತಂತೆ. ನಾನು ಅದರ ಮೇಲೆ ಡಬ್ಬಿ ಇಟ್ಟುಕೊಂಡು ಊಟ ಮಾಡುತ್ತಿದ್ದೆ. ಉಲ್ಲಾಸನಗರದ ಪಂದ್ಯವೊಂದರಲ್ಲಿ "ಇನ್ನೂ ಬಹಳ ಆಟ ಉಂಟು, ಗಾಬರಿ ಬೇಡ" ಎಂದು ಹುಡುಗಿಯರಿಗೆ ಧೈರ್ಯ ಹೇಳಿ ಟೈಮ್‌ಔಟ್ ಕೇಳಿದೆ. ರೆಫರಿ ಕೆಳಗಿಳಿದು ಬಂದು ಕೈ ಕುಲುಕಿದರು. ಪಂದ್ಯ ಮುಗಿದಿತ್ತು.

ಅದಾದ ಮೇಲೆ ಲಿಬೆರೋ ಎಂಬ ಹೊಸ ಆಟಗಾರ್ತಿಯ ಪದ್ಧತಿ ಬಂತು. ಹಿಂದಿನ ಸಾಲಿನಲ್ಲಿ ನಿಂತು ಬರುವ ಚೆಂಡನ್ನೆಲ್ಲ ನೆಲ ಮುಟ್ಟದಂತೆ ಎತ್ತಿಕೊಡುವುದಷ್ಟೇ ಅವಳ ಕೆಲಸ. ಅವಳು ಉಳಿದವರಿಗಿಂತ ಬೇರೆ ಬಣ್ಣದ ಜೆರ್ಸಿ ಹಾಕಬೇಕು. ಈ ಸಲ ಸುತ್ತೋಲೆ ಓದಿದೆ, ಆದರೆ ಜೆರ್ಸಿಯ ಬಣ್ಣದ ತನಕ ಮಾತ್ರ. ನಮ್ಮ ಕಪಾಟಿನಲ್ಲಿದ್ದ ಬೇರೆ ಬಣ್ಣದ ಒಂದೇ ಜೆರ್ಸಿ ಬಹಳ ದೊಡ್ಡದು. ಅದು ಸರಿಹೊಂದುವುದು ತಂಡದ ಎಲ್ಲರಿಗಿಂತ ಎತ್ತರದ ಹುಡುಗಿಗೆ. ನೆಟ್ಟಿನ ಮುಂದೆ ನಿಂತು ಹೊಡೆಯಬೇಕಾದವಳನ್ನು ಲಿಬೆರೋ ಮಾಡಿ ಹಿಂದೆ ಬಗ್ಗಿಸಿ ನಿಲ್ಲಿಸಿದೆ. ಆ ವರ್ಷ ನಾವು ಬೇಗ ಬೇಗ ಮನೆಗೆ ಹೋಗುತ್ತಿದ್ದೆವು.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ನನ್ನ ಮರಾಠಿ ಮಾವನ ಹೋಟೆಲಿನಲ್ಲಿ ಕಲಿತದ್ದು. ಏನು ಬೇಕು, ಬಿಸಿ ಇದೆಯೇ, ಇನ್ನೊಂದು ಪ್ಲೇಟ್ ತರಲೇ ಎಂಬಲ್ಲಿಗೆ ಮುಗಿಯುತ್ತಿತ್ತು. ಹುಡುಗಿಯರ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದೆ. ಆದರೆ ಸಿಟ್ಟು ಬಂದರೆ ಹಿಂದಿ ಸಾಕಾಗುತ್ತಿರಲಿಲ್ಲ, ಕನ್ನಡ ಬರುತ್ತಿತ್ತು. ಸಿಟ್ಟು ಇನ್ನೂ ಏರಿದರೆ ತುಳು. ಯಾರಿಗೂ ಅರ್ಥವಾಗುವುದಿಲ್ಲವಲ್ಲ ಎಂಬ ಧೈರ್ಯ ಬೇರೆ. ಎದುರಿನ ಮನುಷ್ಯನಿಗೆ ಬರದ ಭಾಷೆಯಲ್ಲಿ ಬೈಯುವುದರಲ್ಲಿ ಒಂದು ಸುಖವಿದೆ. ವರ್ಷಗಟ್ಟಲೆ ಆ ಸುಖ ಅನುಭವಿಸಿದೆ.

ನಾನು ಹೇಳಹೊರಟ ತಂಡ ನನ್ನ ನೌಕರಿಯ ಕೊನೆಯ ಭಾಗದ್ದು. ಅದರಲ್ಲಿ ಇಬ್ಬರನ್ನು ನೆನಪಿಟ್ಟುಕೊಂಡರೆ ಸಾಕು. ಒಬ್ಬಳು ಶ್ರದ್ಧಾ, ತಂಡದ ಕ್ಯಾಪ್ಟನ್. ಅವಳು ಸೆಟ್ಟರ್. ಅಂದರೆ ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುವವಳು, ಆಟದ ಅಡುಗೆಯವಳು. ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯ ಮನೆ. ಅಪ್ಪ ಅಲ್ಲಿನ ರೈಲ್ವೆ ಕಾರ್‌ಶೆಡ್‌ನಲ್ಲಿ ಫಿಟರ್. ಆತನಿಗೆ ಮಗಳ ಆಟ ಅಷ್ಟಕ್ಕಷ್ಟೇ ಎಂದು ಕೇಳಿದ್ದೆ. ಇನ್ನೊಬ್ಬಳು ಅನಘಾ ಕುಲಕರ್ಣಿ, ಡೊಂಬಿವಲಿಯವಳು, ಆ ವರ್ಷವಷ್ಟೇ ತಂಡಕ್ಕೆ ಸೇರಿದವಳು. ಸಣ್ಣ ಆಳು, ಬಹಳ ಚುರುಕು. ಅಷ್ಟು ಹೊತ್ತಿಗೆ ನನಗೂ ಬುದ್ಧಿ ಬಂದು ಚುರುಕಾದವಳನ್ನೇ ಲಿಬೆರೋ ಮಾಡಿದ್ದೆ. ಗೆಳತಿಯರ ಜೊತೆ ಮರಾಠಿ, ನನ್ನ ಜೊತೆ ಹಿಂದಿ ಆಡುತ್ತಿದ್ದಳು. ಕುಲಕರ್ಣಿ ಎಂದ ಮೇಲೆ ಪುಣೆಯ ಕಡೆಯವಳಿರಬೇಕು ಎಂದುಕೊಂಡೆ. ಧಾರವಾಡದಲ್ಲೂ ಬೇಕಾದಷ್ಟು ಕುಲಕರ್ಣಿಗಳಿದ್ದಾರೆ ಎಂಬುದು ಕನ್ನಡದವನಾದ ನನಗೆ ಹೊಳೆಯಲಿಲ್ಲ.

ಆ ವರ್ಷ ಒಂದು ವಿಚಿತ್ರ ನಡೆಯಿತು. ನಾನು ಎಷ್ಟು ಬೈದರೂ ಹುಡುಗಿಯರು ಕುಗ್ಗುತ್ತಿರಲಿಲ್ಲ. ಹಿಂದಿನ ತಂಡದವರಿಗೆ ಭಾಷೆ ತಿಳಿಯದಿದ್ದರೂ ನನ್ನ ಮುಖ ನೋಡಿಯೇ ಕಣ್ಣಲ್ಲಿ ನೀರು ಬರುತ್ತಿತ್ತು. ಇವರು ನಾನು ಕೂಗಿದ ಮೇಲೆ ಒಂದೆಡೆ ಸೇರಿ ಏನೋ ಗುಸುಗುಸು ಮಾಡಿ, ನಕ್ಕು, ಮೊದಲಿಗಿಂತ ಚೆನ್ನಾಗಿ ಆಡುತ್ತಿದ್ದರು. ಸರ್ವ್ ಬರುವ ಮೊದಲು "ಝಾವಳೀ! ಝಾವಳೀ!" ಎಂದು ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿದ್ದರು. ಯಾರದೋ ಅಡ್ಡಹೆಸರು ಇರಬೇಕೆಂದು ನಾನು ಕೇಳಲಿಲ್ಲ. ಗೆಲುವಿನ ಮೇಲೆ ಗೆಲುವು ಬಂದಾಗ, ನನ್ನ ಗಂಟಲಿಗೆ ಕೊನೆಗೂ ಬೆಲೆ ಬಂತು ಎಂದುಕೊಂಡೆ. ಮನೆಗೆ ಬಂದು ಸುಮತಿಗೂ ಹಾಗೆಯೇ ಹೇಳಿದೆ. "ನಿಮ್ಮ ಬೊಬ್ಬೆಗೆ ಯಾರಾದ್ರೂ ಗೆಲ್ಲುವುದಾದ್ರೆ ನಮ್ಮ ಮಗ ಎಸ್ಸೆಸ್ಸಿಯಲ್ಲಿ ಫಸ್ಟ್ ರ‍್ಯಾಂಕ್ ಬರಬೇಕಿತ್ತು" ಅಂದಳು.

ನಮ್ಮ ವಲಯದ ಅಂತರ ಕಾಲೇಜು ಫೈನಲ್ ನೆರೂಲಿನ ಒಂದು ಕಾಲೇಜಿನಲ್ಲಿ. ಮರದ ನೆಲ, ಮೇಲೆ ಬೆಳಕು, ಕೂರಲು ಗ್ಯಾಲರಿ. ನಮ್ಮ ಮಣ್ಣಿನ ಮೈದಾನದಲ್ಲಿ ಪಕ್ಕದ ಸೊಸೈಟಿಯವರು ಒಣಹಾಕಿದ ಸೀರೆಗಳ ನಡುವೆ ಆಡಿ ಬೆಳೆದವರು ಅಲ್ಲಿ ಕಾಲಿಡಲು ಹೆದರಿದರು. ಕಾಲಿಡಲು ನಾನೂ ಹೆದರಿದೆ, ತೋರಿಸಿಕೊಳ್ಳಲಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಆ ದಿನ ಗ್ಯಾಲರಿಯಲ್ಲಿ ಕೂತಿದ್ದರು. ಆ ತಂಡಕ್ಕೆ ಆಡಿದವರು ಮುಂದೆ ರೈಲ್ವೆಯ ಕ್ರೀಡಾ ಕೋಟಾದ ನೌಕರಿಗೆ ಅರ್ಜಿ ಹಾಕಬಹುದು. ಶ್ರದ್ಧಾಳದು ಕೊನೆಯ ವರ್ಷ. ಆಯ್ಕೆಯಾಗದಿದ್ದರೆ ಠಾಣೆಯ ಯಾವುದೋ ಮಾಲ್‌ನಲ್ಲಿ ಬಟ್ಟೆ ಅಂಗಡಿಗೆ ಸೇರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದನ್ನು ಅವಳೇ ಬೆಳಿಗ್ಗೆ ರೈಲಿನಲ್ಲಿ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದ್ದಳು.

ಮೊದಲ ಎರಡು ಸೆಟ್ ಸೋತೆವು. ಇನ್ನೊಂದು ಸೋತರೆ ಕತೆ ಮುಗಿಯಿತು. ಮೂರನೆಯದರಲ್ಲೂ ಹಿಂದೆ ಬಿದ್ದೆವು. ಶ್ರದ್ಧಾ ಎತ್ತಿಕೊಟ್ಟ ಚೆಂಡುಗಳೆಲ್ಲ ಒಂದೇ ಮೂಲೆಗೆ ಹೋಗುತ್ತಿದ್ದವು, ಎದುರಿನವರು ಅಲ್ಲಿಯೇ ಕಾದು ತಡೆಯುತ್ತಿದ್ದರು. ನಾನು ಟೈಮ್‌ಔಟ್ ಕೇಳಿದೆ. ಹುಡುಗಿಯರು ಸುತ್ತ ನಿಂತರು. ಹಿಂದಿಯಲ್ಲಿ ಎರಡು ಮಾತು ಹೇಳಿದೆ, ಮೂರನೆಯದಕ್ಕೆ ಹಿಂದಿ ಮುಗಿಯಿತು. ಶ್ರದ್ಧಾಳ ಕಡೆ ಕೈ ಬೀಸಿ ಕನ್ನಡದಲ್ಲಿ ಹೇಳಿಬಿಟ್ಟೆ:

"ಇವಳಿಗೆ ಎಷ್ಟು ಹೇಳಿದ್ರೂ ಅಷ್ಟೇ. ಇದು ಇವಳ ಕೈಯಲ್ಲಿ ಆಗುವುದಲ್ಲ. ನಾಳೆಯಿಂದ ಬಟ್ಟೆ ಮಾರ್ಲಿಕ್ಕೆ ಹೋಗಲಿ, ಅವಳ ಅಪ್ಪನಿಗಾದ್ರೂ ಸಮಾಧಾನ ಆಗ್ತದೆ."

ಶ್ರದ್ಧಾ ನನ್ನ ಮುಖ ನೋಡಲಿಲ್ಲ. ಅನಘಾಳ ಕಡೆ ತಿರುಗಿ, "ಕುಲಕರ್ಣಿ, ಸರ್ ಕಾಯ ಮ್ಹಣಾಲೇ?" ಎಂದು ಕೇಳಿದಳು. ಸರ್ ಏನಂದರು ಎಂದು. ದಿನಾ ಕೇಳಿ ರೂಢಿಯಾದವಳ ಹಾಗೆ ಕೇಳಿದಳು. ಉಳಿದವರೂ ಅನಘಾಳನ್ನೇ ನೋಡಿದರು. "ಸಾಂಗ್ ನಾ ಲವ್ಕರ್", ಬೇಗ ಹೇಳು ಎಂದು ಒಬ್ಬಳು ಅವಸರ ಮಾಡಿದಳು.

ಇವಳನ್ನು ಯಾಕೆ ಕೇಳುತ್ತಾರೆ ಎಂದು ನಾನು ಯೋಚಿಸುತ್ತಿರುವಾಗಲೇ ಅನಘಾ ನನ್ನ ಕಡೆ ನೋಡಿದಳು. ಮುಖ ಕೆಂಪಾಗಿತ್ತು. ಕನ್ನಡದಲ್ಲಿ, ಅಚ್ಚ ಧಾರವಾಡದ ಕನ್ನಡದಲ್ಲಿ ಹೇಳಿದಳು:

"ಸರ್, ಇದನ್ನ ನಾ ಹೆಂಗ ಹೇಳ್ಲಿ? ಇಷ್ಟ ದಿನಾ ಹೆಂಗರೆ ಮಾಡಿ ಹೇಳೀನಿ. ಇದನ್ನ ಹೇಳ್ಲಿಕ್ಕೆ ಬರೂದಿಲ್ಲ. ನೀವ ಹೇಳ್ರಿ."

ಇಡೀ ವರ್ಷ ಆಡಿದ ಮಾತುಗಳೆಲ್ಲ ಒಟ್ಟಿಗೆ ತಲೆಗೆ ಬಂದವು. ಒಂದೊಂದೂ ಈ ಹುಡುಗಿಯ ಕಿವಿಗೆ ಬಿದ್ದಿದೆ! ಓಡಿಹೋಗೋಣವೆಂದರೆ ಬಾಗಿಲು ಗ್ಯಾಲರಿಯ ಆಚೆ. ಟೈಮ್‌ಔಟ್ ಮುಗಿಯುತ್ತ ಬಂದಿತ್ತು. ಶ್ರದ್ಧಾ ಕಾಯುತ್ತಿದ್ದಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು, ಆದರೆ ನನ್ನ ಬಗ್ಗೆ ಅಲ್ಲ. ನನ್ನಿಂದ ಏನೋ ಒಳ್ಳೆಯ ಮಾತು ಬರುತ್ತದೆಂದು ಕಾಯುತ್ತಿದ್ದಳು. ಕೊನೆಗೆ ಹೋಟೆಲ್ ಮರಾಠಿಯಲ್ಲಿ ನಾಲಿಗೆಗೆ ಬಂದದ್ದು ಇಷ್ಟು: "ಶ್ರದ್ಧಾ, ತುಲಾ ಕಾಯ ಪಾಹಿಜೆ ತೇ ಕರ್." ನಿನಗೇನು ಬೇಕೋ ಅದು ಮಾಡು. ಗಿರಾಕಿಗೆ ಮೆನು ಕಾರ್ಡು ಕೊಟ್ಟ ಹಾಗೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ನಾನು ಬೆಂಚಿನ ಮೇಲೆ ಕೂತೆ. ಇನ್ನು ಬಾಯಿ ತೆರೆಯುವುದಿಲ್ಲ ಎಂದು ಎರಡೂ ಕೈಯಿಂದ ಬೆಂಚನ್ನು ಹಿಡಿದುಕೊಂಡೆ.

ಅಲ್ಲಿಂದ ನಡೆದ ಆಟ ನಾನು ಕಲಿಸಿದ್ದಲ್ಲ. ಶ್ರದ್ಧಾ ಮೂಲೆಗೆ ಕೊಡುವುದನ್ನು ಬಿಟ್ಟು ನಡುವಿನಿಂದ ಆಡಿಸಿದಳು. ಒಮ್ಮೆ ಎತ್ತಿಕೊಡುವಂತೆ ಮಾಡಿ ತಾನೇ ನೆಟ್ಟಿನಾಚೆ ಚೆಂಡು ಬೀಳಿಸಿದಳು. ಎದುರಿನವರು ಎಲ್ಲಿ ತಡೆಯಬೇಕೆಂದು ತಿಳಿಯದೆ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ಹಿಂದೆ ಅನಘಾ ನೆಲಕ್ಕೆ ಬಿದ್ದು, ಜಾರಿ, ಮೊಣಕೈ ಒರಸಿಕೊಂಡು ಪ್ರತಿಯೊಂದು ಚೆಂಡನ್ನೂ ಮೇಲೆತ್ತಿದಳು. ಮೂರನೆಯ ಸೆಟ್ ಗೆದ್ದರು, ನಾಲ್ಕನೆಯದನ್ನೂ ಗೆದ್ದರು. ಗ್ಯಾಲರಿಯವರು ಎದ್ದು ನಿಂತು ನೋಡಿದರು. ನಾನು ಮಾತ್ರ ಕೂತೇ ಇದ್ದೆ. ಆಮೇಲೆ ಯಾರೋ ಹೇಳಿದರು, "ನಿಮ್ಮ ಶಾಂತಿ ನೋಡಿಯೇ ಹುಡುಗಿಯರು ಗೆದ್ದದ್ದು ಸರ್" ಎಂದು.

ಐದನೆಯ ಸೆಟ್ ಕೊನೆಯವರೆಗೂ ಹಗ್ಗಜಗ್ಗಾಟ. ಎದುರಿನವರಿಗೆ ಒಂದು ಪಾಯಿಂಟ್ ಬಂದರೆ ಅವರದು. ಅವರ ಹುಡುಗಿ ಉದ್ದಕ್ಕೆ ಸರ್ವ್ ಮಾಡಿದಳು. ಚೆಂಡು ಅನಘಾ ನಿಂತಿದ್ದ ಮೂಲೆಗೆ ಬಂತು. ಅವಳು ಕೈ ಜೋಡಿಸಿ ಸಿದ್ಧಳಾಗಿದ್ದಳು. ಬೆಂಚಿನಿಂದ ನನಗೆ ಅದು ಗೆರೆಯ ಹೊರಗೆ ಹೋಗುತ್ತದೆ ಎಂದು ಕಂಡಿತು. ಖಂಡಿತ ಹೊರಗೆ ಎಂದು ಕಂಡಿತು. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಗಂಟಲು ತಾನಾಗಿ ತೆರೆಯಿತು.

"ಬಿಡು!"

ಅನಘಾ ಕೈ ಹಿಂದೆಗೆದಳು. ಚೆಂಡು ಗೆರೆಯ ಮೇಲೆ ಬಿತ್ತು.

ಇಷ್ಟು ವರ್ಷಗಳಲ್ಲಿ ನಾನು ಹೇಳಿದ ಮಾತನ್ನು ಒಬ್ಬ ಆಟಗಾರ್ತಿ ಅಕ್ಷರಶಃ ಅರ್ಥ ಮಾಡಿಕೊಂಡು, ತಕ್ಷಣ ಪಾಲಿಸಿದ್ದು ಅದೊಂದೇ ಸಲ.

ಲೈನ್ ಅಂಪೈರ್ ಚೆಂಡು ಒಳಗೇ ಎಂದು ಬಾವುಟ ಕೆಳಗೆ ಮಾಡಿದ್ದನ್ನು ನೋಡಿದೆ. ಎದುರಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದದ್ದನ್ನು ನೋಡಿದೆ. ನಮ್ಮವರು ಅನಘಾಳ ಸುತ್ತ ನಿಂತು "ಕಾ ಸೋಡ್ಲಾಸ್?" ಎಂದು ಕೇಳುತ್ತಿದ್ದರು. ಯಾಕೆ ಬಿಟ್ಟೆ? ಅವಳು ನನ್ನ ಕಡೆ ನೋಡದೆ, ತನಗೆ ಹೊರಗೆ ಹೋಗುತ್ತದೆಂದು ಕಂಡಿತು, ತನ್ನದೇ ತಪ್ಪು ಎಂದಳು.

ನಾನು ಎದ್ದು ಹೋಗಿ, ಇದ್ದಬದ್ದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಅವಳದು ತಪ್ಪಲ್ಲ. ನಾನು ಬಿಡು ಅಂದೆ. ಅದಕ್ಕೇ ಬಿಟ್ಟಳು" ಎಂದು ಸ್ಪಷ್ಟವಾಗಿ ಹೇಳಿದೆ. ಹುಡುಗಿಯರು ನನ್ನನ್ನು ನೋಡಿದರು. ಒಬ್ಬಳ ಕಣ್ಣು ತುಂಬಿತು. ಶ್ರದ್ಧಾ ನನ್ನ ಕಾಲು ಮುಟ್ಟಿ ನಮಸ್ಕರಿಸಿ, "ಸರ್, ಕುಲಕರ್ಣಿಯನ್ನು ಉಳಿಸಲಿಕ್ಕೆ ನೀವು ಮೇಲೆ ಹಾಕಿಕೊಳ್ಳುತ್ತಿದ್ದೀರಿ, ನಮಗೆ ಗೊತ್ತು" ಎಂದಳು. ಇಲ್ಲಮ್ಮಾ, ನಿಜವಾಗಿಯೂ ನಾನೇ ಎಂದರೆ ಇನ್ನಷ್ಟು ಅತ್ತರು.

ನೆರೂಲಿನಿಂದ ಠಾಣೆಯ ಗಾಡಿ ಹತ್ತಿದೆವು. ಮಧ್ಯಾಹ್ನದ ಹೊತ್ತು, ಕೂರಲು ಜಾಗವಿತ್ತು. ಚೆಂಡಿನ ಚೀಲ ನಡುವೆ ಇಟ್ಟುಕೊಂಡು ಹುಡುಗಿಯರು ವಡಾಪಾವ್ ತಿಂದರು. ತುರ್ಭೆ ಸ್ಟೇಷನ್ ಬರುವಷ್ಟರಲ್ಲಿ ಸೋಲು ಅರ್ಧ ಮರೆತುಹೋಗಿತ್ತು. ಎತ್ತರದ ಒಬ್ಬಳು ಹೇಳಿದಳು, "ಸರ್, ನಿಮ್ಮ ಝಾವಳಿಯ ಮಾತು ನಾನು ಯಾವತ್ತೂ ಮರೆಯುವುದಿಲ್ಲ."

"ಯಾವ ಮಾತು?"

"ಕೈಯನ್ನು ಬಿಗಿ ಹಿಡಿಯಬಾರದು, ಗಾಳಿಯಲ್ಲಿ ತೂಗುವ ತೆಂಗಿನ ಗರಿಯ ಹಾಗೆ ಇರಬೇಕು ಅಂತ ನೀವು ಹೇಳಿದ್ದು. ಅದಕ್ಕೇ ಅಲ್ಲವಾ ನಾವು ಝಾವಳೀ ಅಂತ ಕೂಗುವುದು."

ಝಾವಳೀ ಅಂದರೆ ಮರಾಠಿಯಲ್ಲಿ ತೆಂಗಿನ ಗರಿ ಎಂದು ನನಗೆ ಆಗ ತಿಳಿಯಿತು. ನೆನಪೂ ಬಂತು. ನಾನು ಅವಳಿಗೆ ಹೇಳಿದ್ದದ್ದು, "ಇದು ಕೈಯಾ, ಒಣಗಿದ ತೆಂಗಿನ ಮಡಲಾ?" ಎಂದು.

ಅನಘಾ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು. ನಾನು ಹೋಗಿ ಅವಳ ಎದುರು ಕೂತೆ.

"ನಿಂತಲ್ಲೇ ಬೇರು ಬಿಟ್ಟಿದ್ದಾಳೆ ಅಂದಿದ್ದೆನಲ್ಲ, ಅದನ್ನು ಏನು ಮಾಡಿದೆ?" ಎಂದು ಕೇಳಿದೆ.

"ನಿನ್ನ ನಿಲುವು ಭಾಳ ಗಟ್ಟಿ ಅದ, ಇನ್ನ ಕಾಲಷ್ಟ ಆಡಿಸು ಅಂತ ಸರ್ ಅಂದ್ರು ಅಂದೆ."

"ತುಳುವಿನಲ್ಲಿ ಹೇಳಿದ್ದು?"

ಅವಳಿಗೆ ನಗು ತಡೆಯಲಾಗಲಿಲ್ಲ. "ತುಳು ನನಗ ತಿಳಿಯೂದಿಲ್ಲ ಸರ್. ನಿಮ್ಮ ಹೆಸರು ಪೂಜಾರಿ ಅಲ್ಲೇನು? ಸರ್ ನಮ್ಮ ಸಲುವಾಗಿ ಮಂತ್ರಾ ಹೇಳ್ಲಿಕ್ಕತ್ತಾರ ಅಂತ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳ್ತಿದ್ರು."

ಹುಡುಗಿಯರು ಸಾಲಾಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದದ್ದು ನಿಜ. ನನ್ನ ತುಳುವಿನ ಏಟಿಗೆ ಎಂದು ತಿಳಿದು ನಾನು ಇನ್ನೂ ಜೋರು ಮಾಡುತ್ತಿದ್ದೆ.

"ಯಾಕಮ್ಮಾ ಹೀಗೆ ಮಾಡಿದೆ?"

ಅವಳು ಮೊಣಕೈಯ ಗಾಯದ ಸುತ್ತ ಬೆರಳಾಡಿಸುತ್ತ ಹೇಳಿದಳು, "ನಮ್ಮ ಅಪ್ಪಾನೂ ನಿಮ್ಹಂಗ ಒದರ್ತಾನ ಸರ್. ಸಣ್ಣಾಕಿ ಇದ್ದಾಗಿಂದ ನೋಡೀನಿ. ಅವಾ ಒದರಿದ ಮ್ಯಾಲೆ ಅವ್ವ ನಮ್ಮ ಕೋಣಿಗೆ ಬಂದು, ಅಪ್ಪಾ ಹಿಂಗಂದ, ಅದರ ಅರ್ಥ ಹಿಂಗ ಅಂತ ಹೇಳ್ತಿದ್ಲು. ಅವಾ ಅಂದದ್ದ ಬ್ಯಾರೆ, ಅಕಿ ಹೇಳೂದ ಬ್ಯಾರೆ. ನಮಗ ಗೊತ್ತಿತ್ತು. ಆದ್ರೂ ಅಕಿ ಹೇಳಿದ ಮ್ಯಾಲೆ ನಿದ್ದಿ ಬರ್ತಿತ್ತು."

ಘಣಸೋಲಿ ದಾಟಿತು, ರಬಾಳೆ ದಾಟಿತು. "ಕೈಗೆ ಮುಲಾಮು ಹಚ್ಚಿಕೋ" ಅಂದೆ. "ಹೂಂ ಸರ್" ಅಂದಳು.

ಶ್ರದ್ಧಾ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಹೆಸರು ಪ್ರಕಟವಾದ ಕೆಲವು ದಿನಗಳ ಮೇಲೆ ಅವಳ ಅಪ್ಪ ವಾರದ ರಜೆಯ ದಿನ ಪೇಢೆಯ ಡಬ್ಬಿ ಹಿಡಿದುಕೊಂಡು ನಮ್ಮ ಮೈದಾನಕ್ಕೆ ಬಂದರು. ಅಗಲ ಭುಜದ ಮನುಷ್ಯ. ಉಗುರಿನ ಸಂದಿಯ ಗ್ರೀಸ್ ತೊಳೆದರೂ ಹೋಗಿರಲಿಲ್ಲ. ನನ್ನ ಕೈಗೆ ಪೇಢೆ ಕೊಟ್ಟು, ನಿಧಾನವಾದ ಮರಾಠಿಯಲ್ಲಿ, ನನಗೆ ಅರ್ಥವಾಗಲೆಂದು ನಡುನಡುವೆ ಹಿಂದಿ ಸೇರಿಸಿ ಮಾತಾಡಿದರು.

"ಶೆಡ್ಡಿನಲ್ಲಿ ನಮಗೆ ಬೆಳಿಗ್ಗೆಯಿಂದ ಸಂಜೆವರೆಗೆ ಬೈಗುಳವೇ ಸಾಹೇಬ್. ಮೇಲಿನವನು ಬೈತಾನೆ, ಅವನ ಮೇಲಿನವನೂ ಬೈತಾನೆ. ಮಗಳೂ ಹೋಗಿ ಇನ್ನೊಬ್ಬರ ಹತ್ತಿರ ಬೈಸಿಕೊಳ್ಳಬೇಕಾ ಅಂತ ಆಟ ಬೇಡವೇ ಬೇಡ ಅಂದಿದ್ದೆ. ನಮ್ಮ ಸರ್ ಬೈಯುವುದೇ ಇಲ್ಲ ಬಾಬಾ ಅಂದಳು. ನಾನು ನಂಬಲಿಲ್ಲ. ಒಂದು ದಿನ ಬಂದು ಅಗೋ, ಆ ಗೇಟಿನ ಹತ್ತಿರ ನಿಂತು ನೋಡಿದೆ. ನೀವು ಜೋರಾಗಿ ಏನೋ ಹೇಳುತ್ತಿದ್ದಿರಿ. ಹುಡುಗಿಯರೆಲ್ಲ ಒಂದೆಡೆ ಸೇರಿ ನಗುತ್ತಿದ್ದರು. ಬೈಸಿಕೊಂಡವರು ಹಾಗೆ ನಗುತ್ತಾರಾ? ಆವತ್ತೇ ಆಡಲಿ ಅಂದುಬಿಟ್ಟೆ."

ಅವರ ಹಿಂದೆ ಸ್ವಲ್ಪ ದೂರದಲ್ಲಿ ಅನಘಾ ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅವಳ ಸುಳ್ಳುಗಳಿಲ್ಲದಿದ್ದರೆ ಶ್ರದ್ಧಾಳ ಆಟ ಆ ವರ್ಷ ನಡುವೆಯೇ ನಿಂತುಹೋಗುತ್ತಿತ್ತು. ನಾನು ಆ ಮನುಷ್ಯನಿಗೆ ಏನೂ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿದ್ದರೋ ಇಲ್ಲವೋ. ಸತ್ಯ ಹೇಳಿದ್ದಕ್ಕೆ ಒಮ್ಮೆ ಮಗಳು ನನ್ನ ಕಾಲಿಗೆ ಬಿದ್ದದ್ದಾಗಿತ್ತು, ಮತ್ತೊಮ್ಮೆ ಬೇಡ ಎನಿಸಿತು. ಚಹಾ ಕುಡಿಸಿ ಕಳಿಸಿದೆ.

ಅನಘಾ ಪರೀಕ್ಷೆ ಮುಗಿಸಿ ಮುಂದಿನ ಓದಿಗೆ ಬೇರೆ ಊರಿಗೆ ಹೋದಳು. ಹೋಗುವ ಮೊದಲು ಮನೆಗೆ ಬಂದಿದ್ದಳು. ಸುಮತಿ ಅವಳಿಗೆ ಊಟ ಹಾಕಿ, "ನನಗೂ ಸ್ವಲ್ಪ ಹೇಳಿಕೊಡು ಮಾರಾಯ್ತಿ, ಇವರು ಹೇಳಿದ್ದನ್ನು ಹೇಗೆ ತಿರುಗಿಸುವುದೂಂತ" ಎಂದು ಬಹಳ ಹೊತ್ತು ನಗಿಸಿದಳು. ಇಬ್ಬರೂ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಿಕೊಂಡರು.

ಜೂನಿನಲ್ಲಿ ಹೊಸ ಹುಡುಗಿಯರು ಬಂದರು. ಮೊದಲ ದಿನವೇ ಎಲ್ಲರ ಹೆಸರು, ಊರು, ಮನೆಯ ಮಾತು ಕೇಳಿದೆ. ಕನ್ನಡದವರು ಒಬ್ಬರೂ ಇರಲಿಲ್ಲ. ನಾನೂ ಅವರೂ ಮಾತ್ರ, ನಡುವೆ ಯಾರೂ ಇಲ್ಲ.

ಅಭ್ಯಾಸ ಶುರುವಾಯಿತು. ದಿವಾ ಸ್ಟೇಷನ್ನಿನ ಕಡೆಯಿಂದ ಬರುವ ಒಬ್ಬಳು, ಸಣಕಲು ಹುಡುಗಿ, ನಾನು ಎಸೆದ ಚೆಂಡಿನ ಹಿಂದೆ ಓಡಿದಳು. ಓಡಿದ ದಿಕ್ಕು ಸರಿ, ಹೊತ್ತು ತಪ್ಪು. ಚೆಂಡು ಅವಳ ಹಿಂದೆ ಬಿತ್ತು. ಅವಳು ನಿಂತು ನನ್ನ ಕಡೆ ನೋಡಿದಳು. ನನ್ನ ಗಂಟಲಿಗೆ ತುಳು ಬಂತು. ತಡೆದೆ. ಕನ್ನಡ ಬಂತು, ಅದನ್ನೂ ತಡೆದೆ. ಎಲ್ಲರೂ ಕಾಯುತ್ತಿದ್ದರು. ಅನಘಾ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು ಯೋಚಿಸಿದೆ. ಆಮೇಲೆ ಒಂದೊಂದೇ ಪದ ಹುಡುಕಿ ಹುಡುಕಿ ಮರಾಠಿಯಲ್ಲಿ ಹೇಳಿದೆ, "ತೂ ಚಾಂಗ್ಲಾ ಪಳಾಲಾ."

ಚೆನ್ನಾಗಿ ಓಡಿದೆ ಎಂದು ಹೇಳಹೋಗಿ ಗಂಡುಹುಡುಗನಿಗೆ ಹೇಳುವ ಹಾಗೆ ಹೇಳಿದ್ದೆ. ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ದಿವಾದ ಹುಡುಗಿಯೂ ನಕ್ಕಳು. ಆಮೇಲೆ ಸ್ವಲ್ಪ ಹೆದರುತ್ತಲೇ, "ಸರ್, ಚಾಂಗ್ಲೀ ಪಳಾಲೀಸ್" ಎಂದು ತಿದ್ದಿದಳು.

"ಚಾಂಗ್ಲೀ ಪಳಾಲೀಸ್" ಅಂದೆ.

ಇನ್ನೊಂದು ಚೆಂಡು ಕೈಗೆತ್ತಿಕೊಂಡು, ಮೊದಲಿಗಿಂತ ಸ್ವಲ್ಪ ದೂರಕ್ಕೆ ಎಸೆದೆ. ಅವಳು ಓಡಿದಳು.